ದುಡಿಯದ ಕಾರಿಗೆ ಆರತಿ, ದುಡಿದ ಗಾಡಿಗೆ ಗುಜರಿ

ದಸರಾ ಹೊತ್ತಿನಲ್ಲಿ ಲಲಿತ ಮಹಲಿನ ಮುಂದೆ ಹಳೇ ಕಾರುಗಳು ಸಾಲಾಗಿ ನಿಂತದ್ದನ್ನು ಮೈಸೂರಿನ ಜನ ನೋಡಿದ್ದಾರೆ. ಹಿತ್ತಾಳೆ ದೀಪ, ಕಡ್ಡಿ ಚಕ್ರ, ಮುಖ ನೋಡಿಕೊಂಡು ತಲೆ ಬಾಚಬಹುದಾದ ಬಾನೆಟ್ಟು. ವೈಸ್‌ರಾಯ್ ಬಂದರೆ ಇಳಿದುಕೊಳ್ಳಲಿ ಅಂತ 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಅರಮನೆ ಅದು. ಆ ಕಾರುಗಳಿಗೆ ಅದಕ್ಕಿಂತ ತಕ್ಕ ಲಾಯ ಇನ್ನೆಲ್ಲಿ ಸಿಗಬೇಕು? ಇಂಥ ಕಡೆಯೆಲ್ಲ ಜನಕ್ಕೆ ಸಿಗುವ ಮೊದಲ ಅಪ್ಪಣೆ ಒಂದೇ: ಮುಟ್ಟಬೇಡಿ. ಈ ಮಾತು ನಮಗೇನೂ ಹೊಸದಲ್ಲ. ಆದರೆ ಬೆಳಗಿನ ಜಾವ ಎದ್ದು, ಮುಟ್ಟಿ ಮುಟ್ಟಿ, ಉಜ್ಜಿ ಉಜ್ಜಿ ಆ ಹೊಳಪು ಬರಿಸಿದ ಕೈ ಯಾರದ್ದು ಅಂತ ಯಾರೂ ಕೇಳಲಿಲ್ಲ.

ಹೊರದೇಶದಲ್ಲಿ ಈ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2014ರ ಜೂನ್‌ನಲ್ಲಿ ಹಳೇ ರೇಸು ಕಾರುಗಳ ಕೂಟ ನಡೆಯಿತು. ಅದರಲ್ಲೊಂದು ಪಂದ್ಯ: ಇಂಡಿ 500ರಲ್ಲಿ ಓಡಿಸಿ ಹೆಸರು ಮಾಡಿದ ವೃತ್ತಿ ಚಾಲಕ ಒಬ್ಬ, ದುಡ್ಡಿರುವ ಹವ್ಯಾಸಿ ಒಬ್ಬ, ಇಬ್ಬರೂ ಒಂದು ಜೋಡಿ, ಇಬ್ಬರಿಗೂ ಒಂದೇ ಕಾರು. ಎಲ್ಲಾ ಯಾಕೆ? ಧರ್ಮಾರ್ಥ! ಪಂದ್ಯದ ಹೆಸರಲ್ಲೇ ‘ಚಾರಿಟಿ’ ಇತ್ತು. ಇವತ್ತಲ್ಲ ನಾಳೆ ಈ ಆಟ ಚಾಮುಂಡಿಬೆಟ್ಟದ ಬುಡಕ್ಕೂ ಬರುತ್ತೆ. ಬರಲಿ. ಬರೋ ಮುಂಚೆ ಒಂದೆರಡು ಲೆಕ್ಕ ಚುಕ್ತಾ ಆಗಬೇಕು.

ಮೊದಲನೇ ಲೆಕ್ಕ ಕಾನೂನಿನದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂತು. ಐವತ್ತು ವರ್ಷ ದಾಟಿ ಮೂಲರೂಪ ಕೆಡದೆ ಉಳಿದ ಗಾಡಿ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರದ ಬೇರೆಯೇ ನಂಬರು, ನೋಂದಣಿಗೆ 20,000 ರೂಪಾಯಿ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲು ಹಾಕಿಸೋಕೆ, ರಿಪೇರಿಗೆ ರಸ್ತೆಗಿಳಿಯಬಹುದು. ದಿನಬಳಕೆಗೆ ಇಳಿಯಕೂಡದು, ಬಾಡಿಗೆಗೆ ಓಡಕೂಡದು. ಇನ್ನೊಂದು ಕಡೆ, ಹದಿನೈದು ವರ್ಷ ದಾಟಿದ ಮಾಮೂಲಿ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಯಾಕೆ? ಹಳೇ ಗಾಡಿ ಹೊಗೆ ಉಗುಳುತ್ತೆ, ಗುಜರಿಗೆ ಹೋಗಲಿ ಅಂತ. ಹೊಗೆಯ ಮಾತು ಸುಳ್ಳಲ್ಲ. ಆದರೆ ಸಂಸಾರ ಹೊತ್ತ ಹಳೇ ವ್ಯಾನು ಹದಿನೈದಕ್ಕೇ ಮುದಿಯಾಗಿ ದಂಡ ತೆರಬೇಕು. ಲಾಯದಲ್ಲಿ ಹಾಯಾಗಿ ನಿಂತ ಕಾರು ಐವತ್ತಕ್ಕೆ ಪರಂಪರೆ!

ಗಮನಿಸಿ ಗೆಳೆಯರೇ. ದುಡಿಯಬಾರದು ಅನ್ನೋದೇ ಅದರ ಅರ್ಹತೆ. ದುಡಿದರೆ ಮರ್ಯಾದೆ ಹೋಗುತ್ತೆ. ಈ ನ್ಯಾಯವನ್ನು ಮೋಟಾರು ಇಲಾಖೆ ಹೊಸದಾಗಿ ಕಂಡುಹಿಡಿದದ್ದಲ್ಲ. ಮೈ ಬಗ್ಗಿಸದವನು ಮೇಲು, ಮೈ ಬಗ್ಗಿಸಿದವನು ಕೀಳು ಅನ್ನುವ ಮನುವಿನ ಹಳೇ ಲೆಕ್ಕ ಈಗ ಕಬ್ಬಿಣಕ್ಕೂ ಹತ್ತಿದೆ, ಅಷ್ಟೆ. ಜಾತಿ ಮನುಷ್ಯರಿಗೆ ಮಾತ್ರ ಅಂದುಕೊಂಡಿದ್ದೆವು. ಗಾಡಿಗಳಲ್ಲೂ ಅಗ್ರಹಾರ ಬೇರೆ, ಕೇರಿ ಬೇರೆ.

ಎರಡನೇ ಲೆಕ್ಕ ರಸ್ತೆಯದು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಹಳೇ ಕಾರಿನ ಚಕ್ರಕ್ಕೆ ಕೆಸರು ತಾಗದಂತೆ ರಸ್ತೆ ಗುಡಿಸಿದವರು ನಮ್ಮ ಅಕ್ಕ ತಂಗಿಯರು, ಅಣ್ಣ ತಮ್ಮಂದಿರು. ಅವರು ಖಾಯಂ ಕೆಲಸ ಕೇಳಿದಾಗ ಯಾರೂ ಧರ್ಮಾರ್ಥ ಪಂದ್ಯ ಆಡಿಸಲಿಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗೆ ಬಂದರು. ಊರು ನಾತ ಹೊಡೆದ ಮೇಲೆ ಸರ್ಕಾರಕ್ಕೆ ಮೂಗು ಬಂತು. ಅದೇ ಸೆಪ್ಟೆಂಬರಿನಲ್ಲಿ 11,133 ಜನರನ್ನು ಖಾಯಂ ಮಾಡುವ ತೀರ್ಮಾನ ಸಂಪುಟದಲ್ಲಿ ಆಯಿತು. ಯಾರ ದಾನ ಇದು? ಯಾರದೂ ಅಲ್ಲ.

ಮೈಸೂರಿನಲ್ಲಿ ಎಲ್ಲವನ್ನೂ ದೊರೆಯ ದಯೆ ಅನ್ನುವ ಚಾಳಿ ಇದೆ. ನಾಲ್ವಡಿಯವರು ದೊಡ್ಡವರೇ, ಇಲ್ಲ ಅನ್ನೋಲ್ಲ. ಆದರೆ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, 1918ರಲ್ಲಿ ಮುಂದಾಳುಗಳು ದೊರೆಯ ಮುಂದೆ ನಿಂತು ನಮ್ಮ ಪಾಲು ಎಲ್ಲಿ ಅಂತ ಕೇಳಿದ ಮೇಲೇ ಮಿಲ್ಲರ್ ಸಮಿತಿ ಬಂದದ್ದು. ಆ ಪಾಲು ನಮ್ಮ ಕೇರಿಯ ತನಕ ನಡೆದು ಬರೋಕೆ ಇನ್ನೂ ಎಷ್ಟೋ ಕಾಲ ಹಿಡೀತು. ಅರಮನೆಯವರು ರೋಲ್ಸ್‌ರಾಯ್ಸ್‌ಗಳನ್ನು ಏಳೇಳರ ಲೆಕ್ಕದಲ್ಲಿ ಕೊಳ್ಳುತ್ತಿದ್ದರು ಅನ್ನುವ ಕತೆಯನ್ನು ಕಾರುಪ್ರಿಯರು ಬಾಯಿ ಚಪ್ಪರಿಸಿ ಹೇಳುತ್ತಾರೆ. 1918ರಲ್ಲಿ ಕೇಳಿದವರ ಕತೆ ಹೇಳುವ ಬಾಯಿ ಎಷ್ಟಿವೆ?

ಅಲ್ರೀ, ಕೊಡೋರನ್ನೂ ಬೈದರೆ ಹೇಗೆ ಅನ್ನುವವರಿದ್ದಾರೆ. ಆಸ್ಪತ್ರೆಯ ಮಗುವಿಗೆ ಆ ದುಡ್ಡಿನಿಂದ ಔಷಧಿ ಬಂದರೆ ಬರಲಿ, ಆ ಮಗುವಿನ ಕೈಯಿಂದ ನಾವು ಕಿತ್ತುಕೊಳ್ಳುವುದಿಲ್ಲ. ಆದರೆ ಆ ಪಂದ್ಯದಲ್ಲಿ ಜೋಡಿ ಯಾರು ಯಾರದ್ದು ನೋಡಿ. ಓಡಿಸೋದನ್ನೇ ಬದುಕು ಮಾಡಿಕೊಂಡವನು, ಓಡಿಸೋದನ್ನು ಮೋಜು ಮಾಡಿಕೊಂಡವನು. ಇಬ್ಬರಿಗೂ ಕಾರಿನೊಳಗೆ ಜಾಗ ಇದೆ. ಯಾರ ಹೆಸರಲ್ಲಿ ಚೀಟಿ ಮಾರಿದರೋ ಅವನಿಗೆ ಮಾತ್ರ ಹಗ್ಗದ ಆಚೆ ಜಾಗ. ಅವನು ಕೈ ಚಾಚಬೇಕು, ಫೋಟೋಗೆ ನಗಬೇಕು. ಆಟ ಆಡಿದವನಿಗೆ ಆಟವೂ ಸಿಕ್ಕಿತು, ಪುಣ್ಯವೂ ಸಿಕ್ಕಿತು. ತಗೊಂಡವನಿಗೆ ಋಣ ಸಿಕ್ಕಿತು.

ಜೋಡಿ ಮಾಡೋದೇ ಆದರೆ ಸರಿಯಾಗಿ ಮಾಡಿ ಸ್ವಾಮಿ. ನಿಮ್ಮ ವಿಂಟೇಜ್ ಕಾರಿನ ಪಕ್ಕದ ಸೀಟಿನಲ್ಲಿ ಕಸದ ಟಿಪ್ಪರ್ ಓಡಿಸುವವನನ್ನು ಕೂರಿಸಿ. ಅವನೂ ವೃತ್ತಿಪರನೇ, ಗಲ್ಲಿ ಗಲ್ಲಿಯಲ್ಲಿ ದಿನಾ ಗಾಡಿ ತಿರುಗಿಸಿದ ಕೈ ಅದು. ಮಾರನೇ ಬೆಳಗ್ಗೆ ನೀವು ಅವನ ಟಿಪ್ಪರ್ ಹತ್ತಿ. ಹವ್ಯಾಸಿಯಾಗಿ ಒಂದೇ ಒಂದು ದಿನ. ಹಸಿ ಕಸ, ಒಣ ಕಸ ಎರಡನ್ನೂ ಮುಟ್ಟಿ. ಆಮೇಲೆ ಸಂಬಳ, ಕೈಗವಸು, ಪಿಂಚಣಿ ಬಗ್ಗೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತು ಮಾತಾಡಿ.

ಅದಾಗದಿದ್ದರೆ ನಿಮ್ಮ ಕಾರು ನಿಮಗೆ, ನಿಮ್ಮ ಮೋಜು ನಿಮಗೆ. ಓಡಿಸಿಕೊಳ್ಳಿ, ಬೇಡ ಅನ್ನೋಲ್ಲ. ನಮ್ಮ ಹೆಸರನ್ನು ಮಾತ್ರ ಅದರ ಬಾನೆಟ್ಟಿಗೆ ಅಂಟಿಸಬೇಡಿ. ನೀವು ಕೊಡಬೇಕಾದ್ದು ದಾನ ಅಲ್ಲ, ಬಾಕಿ.