ನೀರೋ, ಗಂಜಿಯೋ?

ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮಾತು ತಾನಾಗಿ ಹೊಯ್ಸಳರತ್ತ ಹೊರಳುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಬಳಪದ ಕಲ್ಲಿನ ವರ್ಣನೆಗೆ ಬರವಿಲ್ಲ. ಈ ಸಲ ಕಲ್ಲಿಗೆ ರಜೆ ಕೊಟ್ಟಿದ್ದೇವೆ. ಇದೇ ಸೀಮೆಯಲ್ಲಿ ಬೆಳೆಯುವ ಎರಡು ಬೀಜಗಳು, ಅವುಗಳೊಳಗೆ ಅಡಗಿರುವ ಒಂದು ಉದ್ದನೆಯ ಸರಪಳಿ: ಈ ಸಂಚಿಕೆಯ ವಸ್ತು ಅಷ್ಟೇ.

ಪಿಯುಸಿ ಜೀವಶಾಸ್ತ್ರದಲ್ಲಿ ಜೈವಿಕ ಬೃಹದಣುಗಳ ಪಾಠ ಬರುತ್ತದೆ. ಪಾಲಿಸ್ಯಾಕರೈಡ್, ಪ್ರೋಟೀನ್, ನ್ಯೂಕ್ಲಿಯಿಕ್ ಆಮ್ಲ. ಜೊತೆಗೆ ಷಡ್ಭುಜಗಳ ಸಾಲು ಚಿತ್ರ. ಕೊಬ್ಬೂ ಆ ಪಂಕ್ತಿಯಲ್ಲೇ ಕೂತಿರುತ್ತದೆ. ಅದರ ಅಣುತೂಕ ಸಾವಿರ ಡಾಲ್ಟನ್ ಮುಟ್ಟುವುದಿಲ್ಲ. ಆದರೆ ಅಂಗಾಂಶವನ್ನು ಆಮ್ಲದಲ್ಲಿ ಅರೆದು ಸೋಸಿದಾಗ ಕೋಶಪೊರೆಯ ಚೂರುಗಳ ಜೊತೆ ಸೋಸುಬಟ್ಟೆಯ ಮೇಲೇ ಉಳಿದುಬಿಡುತ್ತದೆ, ಹಾಗಾಗಿ ದೊಡ್ಡವರ ಸಾಲಿನಲ್ಲಿ ಜಾಗ. ಕೊಬ್ಬರಿಯ ಊರಿನವರಿಗೆ ಇದು ತಮಾಷೆಯಾಗಿ ಕಾಣಬೇಕು: ಕೊಬ್ಬರಿಯ ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಮೇಲೆ ಎಣ್ಣೆಯೇ, ಆದರೆ ನಿಜವಾದ ಬೃಹದಣು ಎಣ್ಣೆಯಲ್ಲ, ಆ ಎಣ್ಣೆಯನ್ನು ತುಂಬಿಟ್ಟುಕೊಂಡ ಕೋಶದ ಗೋಡೆ.

ಎಳನೀರು ಮಾರುವವರು ಮಚ್ಚೆತ್ತುವ ಮೊದಲು ‘ನೀರೋ, ಗಂಜಿಯೋ?’ ಎಂದು ಕೇಳುತ್ತಾರೆ. ಸಸ್ಯಶಾಸ್ತ್ರದ ಒಂದು ಇಡೀ ಅಧ್ಯಾಯ ಆ ಪ್ರಶ್ನೆಯಲ್ಲಿದೆ. ಕಾಯಿ ಕಟ್ಟಿದ ಮೊದಲ ತಿಂಗಳುಗಳಲ್ಲಿ ಒಳಗಿರುವುದು ಬರೀ ನೀರು. ಅದರಲ್ಲಿ ನ್ಯೂಕ್ಲಿಯಸ್ಸುಗಳು ಗೋಡೆಯ ಹಂಗಿಲ್ಲದೆ ತೇಲುತ್ತ, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿರುತ್ತವೆ. ತೆಂಗಿನ ಮರದ ಕೋಶದಲ್ಲಿ 32 ಕ್ರೋಮೋಸೋಮುಗಳಿದ್ದರೆ ಈ ನ್ಯೂಕ್ಲಿಯಸ್ಸುಗಳಲ್ಲಿ 48: ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು. ಆರನೆಯ ತಿಂಗಳ ಹೊತ್ತಿಗೆ ಅವುಗಳ ಸುತ್ತ ಗೋಡೆ ಏಳತೊಡಗುತ್ತದೆ, ಕರಟದ ಒಳಮೈಗೆ ತೆಳ್ಳಗೆ ಗಂಜಿ ಕಟ್ಟುತ್ತದೆ.

ಆ ಗೋಡೆಯ ಮುಖ್ಯ ಸಾಮಗ್ರಿ ಗ್ಯಾಲಕ್ಟೊಮ್ಯಾನನ್. ಮ್ಯಾನೋಸ್ ಎಂಬ ಸಕ್ಕರೆಯ ಮಣಿಗಳನ್ನು ಒಂದಕ್ಕೊಂದು ಪೋಣಿಸಿದ ನೀಳ ಸರ, ಅಲ್ಲಲ್ಲಿ ಗ್ಯಾಲಕ್ಟೋಸಿನ ಒಂದೊಂದು ಮಣಿ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಪಕ್ಕದ ಮಣಿ ಇರುವೆಡೆ ಎರಡು ಸರಗಳು ಒತ್ತಾಗಿ ಮಲಗಲಾರವು. ಸಂದಿಗೆ ನೀರು ನುಗ್ಗುತ್ತದೆ. ಗಂಜಿ ಮೆತ್ತಗಿರುವುದು ಅದಕ್ಕೇ. ಕಾಯಿ ಬಲಿತಂತೆ ಗ್ಯಾಲಕ್ಟೋಸಿನ ಪಾಲು ಇಳಿಯುತ್ತದೆ, ಬೋಳು ಸರಗಳು ಮಗ್ಗುಲಿಗೆ ಮಗ್ಗುಲು ತಾಗಿಸಿ ಹರಳುಗಟ್ಟುತ್ತವೆ, ನೀರಿಗೆ ಜಾಗ ಉಳಿಯುವುದಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು ಒಳಗೇ ಅಲುಗಾಡುವವರೆಗೆ ಕಾಯುವ ಅರಸೀಕೆರೆ, ತಿಪಟೂರಿನ ಉಂಡೆ ಕೊಬ್ಬರಿಗೆ ಆ ಬಿಗಿ ಇರುವುದರಲ್ಲಿ ಈ ಬೋಳು ಸರಗಳ ಪಾಲೂ ಇದೆ. ಗೋರಿಕಾಯಿ ಬೀಜದಲ್ಲಿ ಇದೇ ಜಾತಿಯ ಸರಕ್ಕೆ ಎರಡು ಮ್ಯಾನೋಸಿಗೆ ಒಂದರಂತೆ ಗ್ಯಾಲಕ್ಟೋಸ್. ಅದು ಹಲ್ಲಿಗೆ ಸಿಗುವ ವಸ್ತುವೇ ಅಲ್ಲ, ನೀರಿನಲ್ಲಿ ಹಾಕಿದರೆ ಲೋಳೆ. ಐಸ್‌ಕ್ರೀಮ್ ಮಂದವಾಗಲು ಬೆರೆಸುವ ಗೋರಿ ಅಂಟು.

ಸಸ್ಯಭ್ರೂಣಶಾಸ್ತ್ರದ ವಿದ್ವಾಂಸ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿಡಮರಗಳ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ! ಗಿಡದ ಹೊರಗಿನ ಚಂದವನ್ನು ಆಮೇಲೂ ಹಲವರು ಕನ್ನಡದಲ್ಲಿ ಬರೆದರು. ಕೋಶದೊಳಕ್ಕೆ ಇಳಿಯುವಾಗ ಮಾತ್ರ ನಮ್ಮ ಗದ್ಯ ಥಟ್ಟನೆ ಗೈಡ್ ಪುಸ್ತಕದ ಭಾಷೆಗೆ ಬೀಳುತ್ತದೆ. ವಿಷಯ ಕಷ್ಟವೆಂಬ ನೆಪ ನಮಗೆ ಒಪ್ಪಿಗೆಯಿಲ್ಲ. ಎಳನೀರನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಗಂಜಿ ಎಷ್ಟು ಕಟ್ಟಿದೆಯೆಂದು ಹೇಳಬಲ್ಲವರು ಇರುವ ಊರಿನಲ್ಲಿ ಗ್ಯಾಲಕ್ಟೊಮ್ಯಾನನ್ ಕಥೆಗೆ ಕೇಳುಗರು ಸಿಗದೆ ಇರುತ್ತಾರೆಯೇ?

ಬಾಣಾವರ, ಜಾವಗಲ್ ಹಾದು ಹಳೇಬೀಡಿನ ಕಡೆ ಬಂದರೆ ರಾಗಿ, ಆಲೂಗಡ್ಡೆಯ ಹೊಲಗಳು. ಇಲ್ಲಿನ ಸರ ಗ್ಲೂಕೋಸಿನದು. ಗ್ಲೂಕೋಸನ್ನು ಆಲ್ಫಾ ಬಂಧದಲ್ಲಿ ಹೆಣೆದರೆ ಸುರುಳಿಯಾಗಿ ಬಾಗುವ ಪಿಷ್ಟ, ಬೀಟಾ ಬಂಧದಲ್ಲಿ ಹೆಣೆದರೆ ನೆಟ್ಟಗೆ ನಿಲ್ಲುವ ಸೆಲ್ಯುಲೋಸ್. ಮೊದಲನೆಯದು ಮುದ್ದೆ, ಎರಡನೆಯದು ತೆಂಗಿನ ನಾರಿನ ಹುರಿಯಲ್ಲಿರುವುದು. ಕುದಿಯುವ ಎಸರಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಮುದ್ದೆ ಆರಿದ ಮೇಲೆ ಬಿಡಿ ಸರಗಳು ಮತ್ತೆ ಒತ್ತೊತ್ತಾಗಿ ಸೇರುವುದರಿಂದಲೇ ತಂಗಳು ಮುದ್ದೆ ಗಡುಸು.

ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಮುಟ್ಟುವಷ್ಟರಲ್ಲಿ ಕಾಫಿ ತೋಟಗಳ ನೆರಳು. ಕಾಫಿ ಬೀಜವನ್ನು ಹಸಿಯಾಗಿ ಕಡಿದು ನೋಡಿದವರಿಗೆ ಅದರ ಗಟ್ಟಿತನ ಗೊತ್ತು. ಅದೂ ಮ್ಯಾನನ್, ಅಂದರೆ ಮ್ಯಾನೋಸಿನ ಸರ! ಗ್ಯಾಲಕ್ಟೋಸ್ ಬಲು ವಿರಳ, ಸರಗಳು ಒತ್ತು. ಗಿಡ ಇದನ್ನು ಕಟ್ಟಿರುವುದು ನಮ್ಮ ಡಿಕಾಕ್ಷನ್ನಿಗಲ್ಲ, ಸಸಿಯ ಬುತ್ತಿಗೆ. ನರ್ಸರಿಯಲ್ಲಿ ಬಿತ್ತಿದ ಬೀಜ ಒಂದೂವರೆ ತಿಂಗಳಿಗೆ ಕಾಂಡದ ತುದಿಯಲ್ಲಿ ಬೀಜವನ್ನೇ ಹೊತ್ತು ಮೇಲೇಳುತ್ತದೆ. ಬೆಳೆಗಾರರು ಅದನ್ನು ಟೋಪಿ ಹಂತ ಎನ್ನುತ್ತಾರೆ. ಆ ಟೋಪಿಯೊಳಗೆ ಮ್ಯಾನನೇಸ್ ಎಂಬ ಕಿಣ್ವ ಸರವನ್ನು ತುಂಡರಿಸುತ್ತಿರುತ್ತದೆ, ಎಳೆಯ ಎಲೆಗಳು ಆ ಸಕ್ಕರೆ ಹೀರುತ್ತಿರುತ್ತವೆ. ತೆಂಗಿನಲ್ಲಾದರೆ ಮೊಳೆತ ಕಾಯಿಯೊಳಗೆ ಸ್ಪಂಜಿನಂಥ ಬಿಳಿ ಉಂಡೆ ಬೆಳೆದು ಕೊಬ್ಬರಿಯನ್ನು ಕರಗಿಸಿಕೊಳ್ಳುತ್ತದೆ. ಮಕ್ಕಳು ಕಿತ್ತಾಡಿ ತಿನ್ನುವ ಸಿಹಿ ಅದು.

ಮನುಷ್ಯರ ಕರುಳಿನಲ್ಲಿ ಆ ಕಿಣ್ವವಿಲ್ಲ, ಕೋಳಿಗಳಲ್ಲೂ ಇಲ್ಲ. ಎಣ್ಣೆ ತೆಗೆದುಳಿದ ಕೊಬ್ಬರಿ ಹಿಂಡಿ ಹಸುವಿಗೆ ಒಗ್ಗುತ್ತದೆ, ಅದರ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಮ್ಯಾನನ್ ಒಡೆಯುತ್ತವೆ. ಕೋಳಿ ಮೇವಿಗೆ ಹಿಂಡಿ ಹಾಕುವವರು ಮ್ಯಾನನೇಸನ್ನು ಹೊರಗಿನಿಂದ ಬೆರೆಸುತ್ತಾರೆ. ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳಲ್ಲೂ ಸಾರ ವಿಪರೀತ ಮಂದವಾಗದಂತೆ ಬಳಸುವುದು ಇದೇ ಕಿಣ್ವವನ್ನು.

ಕಿಣ್ವ ಎಂದರೆ ಪ್ರೋಟೀನ್. ಸರದ ಯಾವ ಕೊಂಡಿಯನ್ನು ಕತ್ತರಿಸಬೇಕೆಂಬುದು ಅದರ ಮಡಿಕೆಯ ಆಕಾರದಲ್ಲೇ ನಿರ್ಧಾರವಾಗಿರುತ್ತದೆ. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಮಾತ್ರ ತಿರುಗಬಲ್ಲದು ಎಂಬ ನಕ್ಷೆಯನ್ನು ಜಿ.ಎನ್. ರಾಮಚಂದ್ರನ್ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅವರು ಸಿ.ವಿ. ರಾಮನ್ ಕೈಕೆಳಗೆ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂದೆ ಅಲ್ಲಿಗೇ ಮರಳಿ 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಆ ನಕ್ಷೆಗೆ ಈ ಪುಟ ಸಾಲದು, ಮುಂದಿನ ಸಂಚಿಕೆಯಲ್ಲಿ ಜಾಗ ತೆಗೆದಿಟ್ಟಿದ್ದೇವೆ.