ನೀರು ಎಲ್ಲರದು, ದಾರಿ ಯಾರದು?

ಸಮುದ್ರಕ್ಕೆ ಯಾರೂ ಬೇಲಿ ಹಾಕಲಾರರು. ಆದರೆ ಸಮುದ್ರಕ್ಕೆ ಹೋಗುವ ದಾರಿಗೆ ಬೇಲಿ ಹಾಕಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉಬ್ಬರದ ಸರಾಸರಿ ಗೆರೆಯಿಂದ ಕೆಳಗಿನ ಮರಳು ಸಾರ್ವಜನಿಕರ ಸ್ವತ್ತು. ಆದರೆ ಆ ಮರಳನ್ನು ತಲುಪಲು ದಾಟಬೇಕಾದ ಭೂಮಿ ಅನೇಕ ಕಡೆ ಖಾಸಗಿಯವರದು. ಹಕ್ಕು ಕಾಗದದಲ್ಲಿದೆ, ಬೀಗ ಗೇಟಿನಲ್ಲಿದೆ. ಈ ಬಿಕ್ಕಟ್ಟಿನಿಂದ ಹೊರಬರಲು ಅಲ್ಲಿನ ಸ್ಥಳೀಯ ಆಡಳಿತಗಳು ಕಡಲು, ನದಿ ಮತ್ತು ಸರೋವರಗಳ ದಂಡೆಯಲ್ಲಿರುವ ಖಾಸಗಿ ಭೂಮಿಯನ್ನು ಸಾರ್ವಜನಿಕ ಹಣದಿಂದ ಖರೀದಿಸಿ, ಕಾಲುದಾರಿಯನ್ನೋ ಉದ್ಯಾನವನ್ನೋ ನಿರ್ಮಿಸುತ್ತವೆ. ಉದ್ದೇಶ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭೂಮಿಯನ್ನು ಯಾರಿಂದ, ಯಾವಾಗ, ಎಷ್ಟು ಬೆಲೆಗೆ ಪಡೆಯಲಾಯಿತು? ಪಡೆದ ಬಳಿಕ ಅದು ನಿಜಕ್ಕೂ ಜನರಿಗೆ ದಕ್ಕಿತೇ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಆ ಒಳ್ಳೆಯತನವನ್ನು ಒಪ್ಪಿಕೊಳ್ಳುವಂತಿಲ್ಲ.

ಬಲಾಢ್ಯನ ಉದಾಹರಣೆಯನ್ನು ಮೊದಲು ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಮಾರ್ಟಿನ್ಸ್ ಬೀಚ್ ಎಂಬ ಸಣ್ಣ ಕಡಲತೀರವಿದೆ. ಹಿಂದಿನ ಮಾಲೀಕರು ವಾಹನ ನಿಲುಗಡೆಗೆ ಶುಲ್ಕ ಪಡೆದು ದಶಕಗಳ ಕಾಲ ಜನರನ್ನು ಒಳಗೆ ಬಿಡುತ್ತಿದ್ದರು. 2008ರಲ್ಲಿ ಭಾರತ ಮೂಲದ ಉದ್ಯಮಿ ವಿನೋದ್ ಖೋಸ್ಲಾ 3.25 ಕೋಟಿ ಡಾಲರ್ ಕೊಟ್ಟು ಆ ಭೂಮಿಯನ್ನು ಕೊಂಡರು. ಕೆಲಕಾಲದ ಬಳಿಕ ಗೇಟು ಮುಚ್ಚಿತು. ಅನುಮತಿಯಿಲ್ಲದೆ ಗೇಟು ಮುಚ್ಚುವಂತಿಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದವು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಈ ನಡುವೆ ದಾರಿಯ ಹಕ್ಕನ್ನು ಕೊಂಡುಕೊಳ್ಳಲು ರಾಜ್ಯ ಸರಕಾರ ಮಾತುಕತೆಗೆ ಮುಂದಾದಾಗ ಮಾಲೀಕರ ಕಡೆಯಿಂದ ಬಂದ ಬೇಡಿಕೆ ಸುಮಾರು 3 ಕೋಟಿ ಡಾಲರ್. ಸರಕಾರದ ಕಡೆಯ ಅಂದಾಜು ಕೇವಲ 3.6 ಲಕ್ಷ ಡಾಲರ್. ಖರೀದಿ ನಡೆಯಲಿಲ್ಲ. ಹಣವಂತನ ಮುಂದೆ ಸರಕಾರ ವರ್ಷಗಟ್ಟಲೆ ಚೌಕಾಶಿ ಮಾಡಬೇಕಾಯಿತು, ನ್ಯಾಯಾಲಯಕ್ಕೆ ಅಲೆಯಬೇಕಾಯಿತು.

ದುರ್ಬಲರ ಮುಂದೆ ಅದೇ ಸರಕಾರಿ ಯಂತ್ರ ಹೇಗೆ ವರ್ತಿಸುತ್ತದೆ? ಉತ್ತರ ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ಕಡಲತೀರದಲ್ಲಿದೆ. ಲಾಸ್ ಏಂಜಲೀಸ್ ಬಳಿಯ ಮ್ಯಾನ್‌ಹಟನ್ ಬೀಚ್ ಎಂಬ ಪಟ್ಟಣದಲ್ಲಿ 1912ರಲ್ಲಿ ವಿಲ್ಲಾ ಬ್ರೂಸ್ ಎಂಬ ಕಪ್ಪು ವರ್ಣೀಯ ಮಹಿಳೆ 1,225 ಡಾಲರಿಗೆ ದಂಡೆಯ ಮೇಲೊಂದು ನಿವೇಶನ ಕೊಂಡರು. ಬಹುತೇಕ ಕಡಲತೀರಗಳಲ್ಲಿ ಕಪ್ಪು ವರ್ಣೀಯರಿಗೆ ಪ್ರವೇಶವೇ ಇಲ್ಲದ ಕಾಲವದು. ವಿಲ್ಲಾ ಮತ್ತು ಅವರ ಪತಿ ಚಾರ್ಲ್ಸ್ ಅಲ್ಲಿ ವಿಹಾರಧಾಮವೊಂದನ್ನು ನಡೆಸಿದರು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಿಗೆ ಅದು ಆಸರೆಯಾಯಿತು. ಆದರೆ ವಿಹಾರಧಾಮದ ಮುಂದಿನ ಭೂಮಿಗೆ ಹಗ್ಗ ಕಟ್ಟಿ ಪ್ರವೇಶ ನಿಷೇಧದ ಫಲಕ ನೆಡಲಾಯಿತು. ಕಣ್ಣೆದುರಿಗಿದ್ದ ಅಲೆಗಳನ್ನು ಮುಟ್ಟಲು ಅತಿಥಿಗಳು ಸುಮಾರು ಅರ್ಧ ಮೈಲು ಸುತ್ತಿ ಬರಬೇಕಾಯಿತು.

ಇಷ್ಟಾದರೂ ಅವರು ಹಿಂಜರಿಯಲಿಲ್ಲ. ಆಗ ಪಟ್ಟಣದ ಆಡಳಿತವೇ ಮುಂದೆ ಬಂತು. 1924ರಲ್ಲಿ, ಉದ್ಯಾನಕ್ಕಾಗಿ ಬೇಕು ಎಂಬ ಕಾರಣ ನೀಡಿ, ಬ್ರೂಸ್ ದಂಪತಿಯ ಮತ್ತು ಇನ್ನೂ ಕೆಲವು ಕಪ್ಪು ಕುಟುಂಬಗಳ ಆಸ್ತಿಯೂ ಸೇರಿದಂತೆ ಅಲ್ಲಿನ ನಿವೇಶನಗಳ ಬಲವಂತದ ಸ್ವಾಧೀನಕ್ಕೆ ಚಾಲನೆ ನೀಡಲಾಯಿತು. ಬ್ರೂಸ್ ದಂಪತಿ ಕೇಳಿದ್ದು 1,20,000 ಡಾಲರ್. ಕೊನೆಗೆ ದೊರೆತದ್ದು 14,500 ಡಾಲರ್, ಅಂದರೆ ಕೇಳಿದ್ದರ ಎಂಟನೆಯ ಒಂದು ಭಾಗ. ಅವರು ಊರನ್ನೇ ತೊರೆದರು. ಅಷ್ಟೊಂದು ಅವಸರದಿಂದ ಪಡೆದ ಭೂಮಿಯಲ್ಲಿ ಉದ್ಯಾನವಾದರೂ ಎದ್ದಿತೇ? ಇಲ್ಲ. ದಶಕಗಳ ಕಾಲ ಅದು ಖಾಲಿ ಬಿದ್ದಿತ್ತು. ಬೇಕಾಗಿದ್ದದ್ದು ಉದ್ಯಾನವಲ್ಲ, ಆ ಜನರ ನಿರ್ಗಮನ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ನ್ಯಾಯ ಬರಲು ಸುಮಾರು ನೂರು ವರ್ಷ ಹಿಡಿಯಿತು. 2021ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕಾಗಿ ಕಾನೂನು ಮಾಡಿತು. 2022ರಲ್ಲಿ ಲಾಸ್ ಏಂಜಲೀಸ್ ಕೌಂಟಿಯು ಭೂಮಿಯನ್ನು ವಾರಸುದಾರರಿಗೆ ಮರಳಿಸಿತು. ಮರುವರ್ಷ ವಾರಸುದಾರರು ಅದನ್ನು ಅದೇ ಕೌಂಟಿಗೆ ಸುಮಾರು 2 ಕೋಟಿ ಡಾಲರಿಗೆ ಮಾರಿದರು. ಮಾರಿದ್ದೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಇಟ್ಟುಕೊಳ್ಳುವ ಹಕ್ಕು ಇದ್ದವನಿಗೇ ಮಾರುವ ಹಕ್ಕೂ ಇರುತ್ತದೆ. ಹಿರಿಯರಿಗೆ ನಿರಾಕರಿಸಲಾಗಿದ್ದದ್ದು ಈ ಆಯ್ಕೆಯೇ. ಅದೇ ಭೂಮಿ, ಅದೇ ಕಡಲು, ಕೊಂಡದ್ದೂ ಸ್ಥಳೀಯ ಆಡಳಿತವೇ. ಆದರೆ ಒಂದು ಖರೀದಿ ಲೂಟಿಯಾಯಿತು, ಇನ್ನೊಂದು ವ್ಯವಹಾರವಾಯಿತು. ವ್ಯತ್ಯಾಸವಿರುವುದು ಮಾಲೀಕನ ಒಪ್ಪಿಗೆಯಲ್ಲಿ ಮತ್ತು ಬೆಲೆಯ ನ್ಯಾಯದಲ್ಲಿ.

ಹಾಗಾದರೆ ಸರಕಾರ ಕೇಳಿದಷ್ಟು ಕೊಟ್ಟು ಕೊಳ್ಳಬೇಕೇ? ಇಲ್ಲಿ ನ್ಯೂಯಾರ್ಕ್ ನಗರದ ಅನುಭವ ಪಾಠ ಕಲಿಸುತ್ತದೆ. 2005ರಲ್ಲಿ ಆ ನಗರವು ಬ್ರೂಕ್ಲಿನ್‌ನ ಹಳೆಯ ಕೈಗಾರಿಕಾ ನದಿದಂಡೆಯಲ್ಲಿ ಬಹುಮಹಡಿ ವಸತಿ ಕಟ್ಟಡಗಳಿಗೆ ದಾರಿ ಮಾಡಿಕೊಡುವಂತೆ ಭೂಬಳಕೆಯ ನಿಯಮವನ್ನು ಬದಲಿಸಿತು. ಪ್ರತಿಯಾಗಿ ಅಲ್ಲಿನ ನಿವಾಸಿಗಳಿಗೆ ಸುಮಾರು 28 ಎಕರೆಯ ಬುಶ್‌ವಿಕ್ ಇನ್ಲೆಟ್ ಉದ್ಯಾನದ ಭರವಸೆ ನೀಡಲಾಯಿತು. ಆದರೆ ಉದ್ಯಾನಕ್ಕೆ ಬೇಕಾದ ಭೂಮಿಯೆಲ್ಲವನ್ನೂ ಮೊದಲೇ ಖರೀದಿಸಲಿಲ್ಲ. ಕಟ್ಟಡಗಳು ಎದ್ದವು, ಭೂಮಿಯ ಬೆಲೆ ಗಗನಕ್ಕೇರಿತು, ಭರವಸೆ ಕಡತದಲ್ಲೇ ಉಳಿಯಿತು. 2015ರಲ್ಲಿ ಅಲ್ಲಿನ ದಾಸ್ತಾನು ಮಳಿಗೆಯೊಂದು ಬೆಂಕಿಗೆ ಆಹುತಿಯಾದ ಬಳಿಕ, ಆ ಜಾಗ ಬಿಲ್ಡರುಗಳ ಪಾಲಾಗದಿರಲಿ ಎಂದು ನಿವಾಸಿಗಳು ಬೀದಿಗಿಳಿದರು. 2016ರಲ್ಲಿ ನಗರ 10 ಕೋಟಿ ಡಾಲರ್ ಕೊಡಲು ಮುಂದಾದಾಗ ಮಾಲೀಕ ಒಪ್ಪಲಿಲ್ಲ. ಕೊನೆಗೆ 16 ಕೋಟಿ ಡಾಲರಿಗೆ ವ್ಯವಹಾರ ಕುದುರಿತು.

ಈ ಬೆಲೆಯನ್ನು ಹೆಚ್ಚಿಸಿದವರಾರು? ಭೂಮಾಲೀಕ ಬೆವರು ಸುರಿಸಿ ಹೆಚ್ಚಿಸಿದ್ದಲ್ಲ. ನಗರದ ಸ್ವಂತ ನಿರ್ಧಾರವೇ ಅದನ್ನು ಬಹುಮಟ್ಟಿಗೆ ಹೆಚ್ಚಿಸಿತು. ತಾನೇ ಏರಿಸಿದ ಬೆಲೆಯನ್ನು ಮತ್ತೆ ತೆರಿಗೆದಾರರ ಜೇಬಿನಿಂದ ತೆರಬೇಕಾದದ್ದು ಎಂಥ ವಿಪರ್ಯಾಸ! ಮೊದಲು ಖರೀದಿ, ಆಮೇಲೆ ಯೋಜನೆ ಎಂಬ ಸರಳ ಕ್ರಮವನ್ನು ಪಾಲಿಸಿದ್ದರೆ ಉಳಿಯುತ್ತಿದ್ದ ಹಣದಲ್ಲಿ ಎಷ್ಟೋ ಶಾಲೆಗಳ ಸೂರು ದುರಸ್ತಿಯಾಗುತ್ತಿತ್ತು.

ಬಡವರ ಹಸಿವು ನೀಗದಿರುವಾಗ ನಡೆದಾಡುವ ದಾರಿಗೆ ಕೋಟಿಗಟ್ಟಲೆ ಹಣವೇಕೆ ಎಂಬ ಆಕ್ಷೇಪ ಸಹಜ. ಆದರೆ ಸಿರಿವಂತನಿಗೆ ತೋಟವಿದೆ, ಕ್ಲಬ್ ಇದೆ, ಖಾಸಗಿ ತೀರವಿದೆ. ಎರಡು ಕೋಣೆಯ ಮನೆಯಲ್ಲಿ ಆರು ಮಂದಿ ಬದುಕುವ ಕುಟುಂಬಕ್ಕೆ ಸಂಜೆಯ ಗಾಳಿ ಸಿಗುವುದು ಸಾರ್ವಜನಿಕ ಜಾಗದಲ್ಲಿ ಮಾತ್ರ. ಅಲ್ಲಿ ವೃದ್ಧರು ನಡೆಯುತ್ತಾರೆ, ಮಕ್ಕಳು ಓಡುತ್ತಾರೆ, ಅಪರಿಚಿತರು ಪರಿಚಿತರಾಗುತ್ತಾರೆ. ಆದ್ದರಿಂದ ದಂಡೆಯ ದಾರಿ ವಿಲಾಸವಲ್ಲ, ಅದು ಹಂಚಿಕೆಯ ಪ್ರಶ್ನೆ. ಆದರೆ ಬಡವನಿಗೆ ಗಾಳಿ ಕೊಡುವ ಹೆಸರಿನಲ್ಲಿ ಇನ್ನೊಬ್ಬ ಬಡವನ ಸೂರು ಕಿತ್ತುಕೊಳ್ಳುವುದು ಹಂಚಿಕೆಯಲ್ಲ.

‘ಸಾರ್ವಜನಿಕ ಉದ್ದೇಶ’ ಎಂಬ ಪದ ನಮಗೂ ಹೊಸತಲ್ಲ. 1894ರ ಬ್ರಿಟಿಷರ ಕಾಯ್ದೆ ಆ ಪದದ ಬಲದಿಂದಲೇ ಶತಮಾನಕ್ಕೂ ಮಿಕ್ಕಿ ಭೂಮಿ ಕಿತ್ತುಕೊಂಡಿತು. ಅದರ ಜಾಗದಲ್ಲಿ ಬಂದ 2013ರ ಕಾಯ್ದೆಯ 101ನೇ ಸೆಕ್ಷನ್, ಸ್ವಾಧೀನಪಡಿಸಿದ ಭೂಮಿ ಐದು ವರ್ಷ ಬಳಕೆಯಾಗದೆ ಉಳಿದರೆ ಅದನ್ನು ಮೂಲ ಮಾಲೀಕರಿಗೆ ಅಥವಾ ಅವರ ವಾರಸುದಾರರಿಗೆ, ಇಲ್ಲವೇ ಸರಕಾರದ ಭೂಬ್ಯಾಂಕಿಗೆ ಮರಳಿಸಬೇಕೆನ್ನುತ್ತದೆ. ಆ ‘ಇಲ್ಲವೇ’ ಎಂಬ ಒಂದು ಪದದಲ್ಲಿ ಎಷ್ಟು ಕುಟುಂಬಗಳ ಹಕ್ಕು ಸೋರಿಹೋಗಬಲ್ಲದು ಎಂಬುದನ್ನು ನಮ್ಮ ಪಟ್ಟಣಗಳ ಪ್ರಜ್ಞಾವಂತರು ಗಮನಿಸಬೇಕಾಗಿದೆ.

ದಂಡೆಯ ಭೂಮಿಯನ್ನು ಸಾರ್ವಜನಿಕಗೊಳಿಸುವ ಪ್ರತಿಯೊಂದು ಯೋಜನೆಯನ್ನೂ ಸ್ವಾಗತಿಸೋಣ. ಆದರೆ ನಕ್ಷೆಯ ಮೇಲೆ ಬೆರಳಿಟ್ಟು ಕೇಳೋಣ: ದಾರಿಯ ಗೆರೆ ಬಂಗಲೆಯ ಕಾಂಪೌಂಡಿನ ಬಳಿ ಬಂದಾಗ ಬಳುಕಿ, ಗುಡಿಸಲಿನ ಬಳಿ ಬಂದಾಗ ಮಾತ್ರ ನೇರವಾಗುವುದೇಕೆ? ಈ ಪ್ರಶ್ನೆಯನ್ನು ಭೂಮಿ ಹೋಗುವ ಮುನ್ನವೇ ಕೇಳಬೇಕು. ಹೋದ ಮೇಲೆ ಉತ್ತರ ಪಡೆಯಲು ಬ್ರೂಸ್ ಕುಟುಂಬ ತಲೆಮಾರುಗಳ ಕಾಲ ಕಾಯಬೇಕಾಯಿತು.