ಆಯುಷ್ಯಪೂರ್ತಿ ಎಣ್ಣೆ: ಯಾರ ಆಯುಷ್ಯ?

ತಿರುಗುವ ಕೀಲಿಗೆ ಎಣ್ಣೆ ಬೇಕು, ಅದು ಕಪ್ಪಾದರೆ ಒರೆಸಿ ಹೊಸದನ್ನು ಹಾಕಬೇಕು ಎಂಬುದು ಎತ್ತಿನ ಬಂಡಿಯ ಕಾಲದಿಂದಲೂ ನಮ್ಮವರಿಗೆ ಗೊತ್ತಿರುವ ಸಂಗತಿ. ಐಷಾರಾಮಿ ಎಸ್‌ಯುವಿಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಇದೆ ಎಂಬಂತೆ ಗ್ರಾಹಕರನ್ನು ನಂಬಿಸಲಾಗಿದೆ. ಇಂತಹ ಹಲವು ವಾಹನಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಕಾರ್ಖಾನೆಯಲ್ಲಿ ತುಂಬಿದ ಎಣ್ಣೆ ಆಯುಷ್ಯಪೂರ್ತಿ ಸಾಕು, ಬದಲಿಸುವ ಅಗತ್ಯವಿಲ್ಲ ಎಂದು ತಯಾರಕರು ಹೇಳುತ್ತ ಬಂದಿದ್ದಾರೆ. ಅದು ವಾಹನದ ಆಯುಷ್ಯವೋ, ವಾರಂಟಿಯ ಆಯುಷ್ಯವೋ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ವಿಪರ್ಯಾಸವೆಂದರೆ, ಗೇರ್‌ಬಾಕ್ಸ್ ತಯಾರಿಸುವವರ ಮಾತು ಬೇರೆಯೇ ಇದೆ. ಬಿಎಂಡಬ್ಲ್ಯು ಎಕ್ಸ್5, ರೇಂಜ್ ರೋವರ್‌ನಂತಹ ವಾಹನಗಳಿಗೆ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆ, ಬಳಕೆಯ ರೀತಿಗೆ ಅನುಗುಣವಾಗಿ 80,000ದಿಂದ 1,20,000 ಕಿಲೋಮೀಟರ್‌ಗೊಮ್ಮೆ ಅಥವಾ ಹೆಚ್ಚೆಂದರೆ 8 ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವಂತೆ ಸಲಹೆ ನೀಡುತ್ತದೆ. ಇದಕ್ಕೆ ಕಾರಣವೂ ಸ್ಪಷ್ಟ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಕೆಲಸ ಕೇವಲ ಸವೆತ ತಡೆಯುವುದಲ್ಲ. ಒತ್ತಡದ ಮೂಲಕ ಗೇರ್ ಬದಲಾಯಿಸುವುದು, ಒಳಗಿನ ಕ್ಲಚ್‌ಗಳ ಹಿಡಿತ ಕಾಯುವುದು, ಬಿಸಿಯನ್ನು ಹೊರಸಾಗಿಸುವುದು ಎಲ್ಲವೂ ಅದರದೇ ಹೊಣೆ. ಶಾಖ ಏರಿದಂತೆಲ್ಲ ಎಣ್ಣೆ ಸತ್ವ ಕಳೆದುಕೊಳ್ಳುತ್ತದೆ. ಕ್ಲಚ್ ಸವೆದ ಪುಡಿ ಅದರಲ್ಲೇ ಸೇರುತ್ತದೆ. ಬೆಂಗಳೂರಿನ ತೆವಳುವ ಸಂಚಾರವಾಗಲೀ ಘಟ್ಟದ ಏರು ರಸ್ತೆಯಾಗಲೀ ಈ ಶಾಖವನ್ನು ಕಡಿಮೆ ಮಾಡುವಂಥವಲ್ಲ.

ಇದು ಶ್ರೀಮಂತರ ಸಮಸ್ಯೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಮೊದಲ ಮಾಲೀಕರು ವಾರಂಟಿ ಮುಗಿಯುವ ಹೊತ್ತಿಗೆ ವಾಹನವನ್ನು ಮಾರಿ ಹೊಸತಕ್ಕೆ ಕೈಹಾಕುತ್ತಾರೆ. ಏಳೆಂಟು ವರ್ಷದ ಅದೇ ವಾಹನವನ್ನು ಸಾಧಾರಣ ಹೊಸ ಕಾರಿನ ಬೆಲೆಗೆ ಕೊಳ್ಳುವವರು ಮಧ್ಯಮ ವರ್ಗದವರು. ಬೆಲೆ ಇಳಿದಿರುತ್ತದೆ, ಆದರೆ ದುರಸ್ತಿಯ ವೆಚ್ಚ ಇಳಿದಿರುವುದಿಲ್ಲ. ಕೆಲವು ಸಾವಿರ ರೂಪಾಯಿಯ ಎಣ್ಣೆಯನ್ನು ಯಾರೂ ಬದಲಿಸದ ಕಾರಣಕ್ಕೆ ಗೇರ್‌ಬಾಕ್ಸ್ ಕೈಕೊಟ್ಟರೆ ಲಕ್ಷಗಳ ಲೆಕ್ಕದ ಬಿಲ್ ಬರುವುದು ಅವರ ಪಾಲಿಗೆ. ಹೀಗಿರುವಾಗ, ಯಂತ್ರದ ಪರಿಚಯವಿರುವ ಕೆಲವರು ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಲು ಮುಂದಾಗುವುದು ಸಹಜ.

ಅದು ಸಾಧ್ಯವೇ? ಸಾಧ್ಯ, ಆದರೆ ಶಿಸ್ತು ಬೇಕು. ಡಿಫರೆನ್ಷಿಯಲ್‌ನ ಕೆಲಸ ತುಲನಾತ್ಮಕವಾಗಿ ಸರಳ. ತುಂಬುವ ಬೋಲ್ಟನ್ನು ಮೊದಲು ಬಿಚ್ಚಿ, ಅದು ಸಡಿಲವಾಗುತ್ತದೆ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಹಳೆಯ ಎಣ್ಣೆ ಇಳಿಸುವ ಬೋಲ್ಟಿಗೆ ಕೈಹಾಕಬೇಕು. ಇಲ್ಲವಾದರೆ ಎಣ್ಣೆಯಿಲ್ಲದ ವಾಹನ ಅಲುಗಾಡದೆ ನಿಲ್ಲುತ್ತದೆ. ಗೇರ್‌ಬಾಕ್ಸ್ ಹೆಚ್ಚು ಸೂಕ್ಷ್ಮ. ಝಡ್‌ಎಫ್‌ನ ಎಂಟು ಗೇರುಗಳ ಪೆಟ್ಟಿಗೆಯಲ್ಲಿ ಎಣ್ಣೆಯ ಮಟ್ಟ ನೋಡಬೇಕಾದದ್ದು ಎಂಜಿನ್ ಚಾಲೂ ಇರುವಾಗ, ಎಣ್ಣೆಯ ಉಷ್ಣತೆ 30ರಿಂದ 50 ಡಿಗ್ರಿ ಸೆಲ್ಸಿಯಸ್ ಇರುವಾಗ. ಆ ಉಷ್ಣತೆ ತಿಳಿಯಲು ಸ್ಕ್ಯಾನರ್ ಬೇಕು. ಆರು ಗೇರಿನ ಪೆಟ್ಟಿಗೆಯ ಎಣ್ಣೆ ಎಂಟು ಗೇರಿನದಕ್ಕೆ ಒಗ್ಗದು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಟನ್ನಿನ ವಾಹನವನ್ನು ಬರಿಯ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಸುಳುವುದು ಪ್ರಾಣಕ್ಕೇ ಸಂಚಕಾರ. ಭದ್ರವಾದ ಸ್ಟ್ಯಾಂಡ್‌ಗಳಿಲ್ಲದವರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು.

ಇವೆಲ್ಲವೂ ಕಲಿತು ಮಾಡಬಹುದಾದ ಕೆಲಸಗಳು. ಕಲಿಯಲು ಬೇಕಾದ ಮಾಹಿತಿ ಮಾಲೀಕನಿಗೂ ಬೀದಿಯ ಮೆಕ್ಯಾನಿಕ್‌ಗೂ ಸುಲಭವಾಗಿ ಸಿಗುವುದಿಲ್ಲ ಎಂಬುದೇ ನಿಜವಾದ ತೊಡಕು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯು ವಾರಂಟಿಯ ನೆಪದಲ್ಲಿ ಗ್ರಾಹಕರನ್ನು ಕಂಪನಿಯ ಸೇವೆಗೇ ಕಟ್ಟಿಹಾಕುವುದನ್ನು ತಡೆದಿದೆ. ಆಸ್ಟ್ರೇಲಿಯಾ 2022ರ ಜುಲೈನಿಂದ ದುರಸ್ತಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ನ್ಯಾಯಯುತ ಬೆಲೆಗೆ ಒದಗಿಸುವುದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕು, ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು ಎಂದೂ ಆದೇಶಿಸಿತು. ಮೂರು ಕಂಪನಿಗಳ ಮೇಲ್ಮನವಿಯಲ್ಲಿ ನ್ಯಾಯಮಂಡಳಿ 2016ರಲ್ಲಿ ದಂಡ ಇಳಿಸಿದರೂ ಆಯೋಗದ ಮೂಲ ನಿರ್ಣಯವನ್ನು ಎತ್ತಿಹಿಡಿಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದಿತು; ಅದೇ ವರ್ಷ ಜಾಲತಾಣವೊಂದೂ ಆರಂಭವಾಯಿತು. ಆದರೆ ಜಾಲತಾಣ ಕಾನೂನಿಗೆ ಬದಲಿಯಾಗಲಾರದು.

ಹಕ್ಕಿನ ಜೊತೆಗೆ ಹೊಣೆಯೂ ಇದೆ. ಇಳಿಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಒಂದು ಬಾರಿ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಅದನ್ನು ಚರಂಡಿಗೆ ಸುರಿದರೆ ರಾಜಕಾಲುವೆಯ ಮೂಲಕ ಕೆರೆ ಸೇರುತ್ತದೆ. ಬಳಸಿದ ಎಣ್ಣೆಯ ವಿಲೇವಾರಿಗೆ ಉತ್ಪಾದಕರನ್ನು ಹೊಣೆಯಾಗಿಸುವ ನಿಯಮಗಳು 2024ರ ಏಪ್ರಿಲ್ 1ರಿಂದ ನಮ್ಮಲ್ಲಿ ಜಾರಿಗೆ ಬಂದಿವೆ. ಆದರೆ ಮನೆಯಲ್ಲಿ ಎಣ್ಣೆ ಬದಲಿಸಿದವನು ಕ್ಯಾನ್ ಹಿಡಿದು ಎಲ್ಲಿಗೆ ಹೋಗಬೇಕು? ಇಂತಹ ಹಲವು ವಾಹನಗಳ ತವರಾದ ಜರ್ಮನಿಯಲ್ಲಿ ಎಂಜಿನ್ ಮತ್ತು ಗೇರ್ ಎಣ್ಣೆ ಮಾರಿದ ಅಂಗಡಿಯೇ ಅಷ್ಟೇ ಪ್ರಮಾಣದ ಹಳೆಯ ಎಣ್ಣೆಯನ್ನು ಉಚಿತವಾಗಿ ಹಿಂಪಡೆಯಬೇಕೆಂಬ ಕಾನೂನಿದೆ. ಕಾರಿನ ಜೊತೆಗೆ ಆ ಪದ್ಧತಿಯನ್ನೂ ಆಮದು ಮಾಡಿಕೊಂಡರೆ ನಷ್ಟವಿಲ್ಲ.

ಸರ್ಕಾರ ಈ ದಿಸೆಯಲ್ಲಿ ಮೂರು ಕೆಲಸಗಳನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು. ‘ಆಯುಷ್ಯಪೂರ್ತಿ’ ಎಂದು ಹೇಳುವ ತಯಾರಕರು ಅದು ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ದುರಸ್ತಿ ಮಾಹಿತಿ ಮಾಲೀಕರಿಗೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ನ್ಯಾಯಯುತ ಬೆಲೆಗೆ ಸಿಗುವಂತೆ ಕಾನೂನು ತರಬೇಕು. ಎಣ್ಣೆ ಮಾರುವ ಮಳಿಗೆಗಳು ಹಳೆಯ ಎಣ್ಣೆಯನ್ನು ಹಿಂಪಡೆಯುವಂತೆ ಮಾಡಬೇಕು. ಎಲ್ಲರೂ ವಾಹನದ ಕೆಳಗೆ ಮಲಗಿ ಕೈ ಕಪ್ಪು ಮಾಡಿಕೊಳ್ಳಬೇಕಾಗಿಲ್ಲ. ಆದರೆ ಹಣ ತೆತ್ತು ಕೊಂಡ ವಾಹನದಲ್ಲಿ ಯಾವ ಎಣ್ಣೆ ಇದೆ, ಅದು ಎಷ್ಟು ದಿನ ಬಾಳುತ್ತದೆ ಎಂದು ತಿಳಿಯುವ ಅಧಿಕಾರವೂ ಇಲ್ಲದಿದ್ದರೆ ಅದನ್ನು ಒಡೆತನ ಎಂದು ಕರೆಯಲಾಗದು.